ದನ ಬರುವ ಕಡೆ

ಹೊರಡುವುದು ಬೆಳಿಗ್ಗೆ ಆರಕ್ಕೆ ಎಂದು ಮಾತಾಗಿತ್ತು. ಆರೂ ಮುಕ್ಕಾಲಾದರೂ ಕ್ಯಾರಿ ಪಟ್ಟಣದ ಪಾರ್ಕಿಂಗ್ ಲಾಟಿಗೆ ಕನ್ನಡ ಬಳಗದ ಅರ್ಧ ಜನ ಬಂದಿರಲಿಲ್ಲ. ಬಂದವರು ಪುಳಿಯೋಗರೆಯ ಟ್ರೇಗಳು ಯಾವ ವ್ಯಾನಿನಲ್ಲಿ ಹೋಗಬೇಕು, ಮೊಸರನ್ನಕ್ಕೆ ಐಸ್ ಸಾಕೇ ಎಂದು ಗಹನವಾಗಿ ಚರ್ಚಿಸುತ್ತಿದ್ದರು. ಅಣ್ಣಾಸಾಹೇಬನ ಪಿತ್ತ ಆಗಲೇ ನೆತ್ತಿಗೇರಿತ್ತು. ಹೋಗುತ್ತಿರುವುದು ಪ್ರವಾಹದಲ್ಲಿ ಬೇಲಿ ಕಳೆದುಕೊಂಡ ರೈತನ ಹೊಲಕ್ಕೋ ವನಭೋಜನಕ್ಕೋ?

ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಬಳಗಕ್ಕೆಲ್ಲ ಗೊತ್ತಿತ್ತು. ಅಥಣಿ ಕಡೆಯ ಕಬ್ಬಿನ ಹೊಲದಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಹದಿನಾರು ವರ್ಷದಿಂದ ನಾರ್ತ್ ಕೆರೊಲೈನಾದಲ್ಲಿ ಸೇತುವೆಗಳ ನಕ್ಷೆ ಮಾಡಿಕೊಂಡಿದ್ದವನು ಅವನು. ಉಳಿದವರು ಬಹುಪಾಲು ಬೆಂಗಳೂರು, ಮೈಸೂರಿನವರು. ೨೦೦೦ನೇ ಇಸವಿ ಬರುವುದರೊಳಗೆ ಕಂಪ್ಯೂಟರುಗಳಿಗೆ ಬುದ್ಧಿ ಹೇಳಲೆಂದು ವೀಸಾ ಹಿಡಿದು ಬಂದ ಹುಡುಗರೇ ಹೆಚ್ಚು. ಅವನ ‘ಹೌದ್ರೀ, ಬರ್ರೀ’ಗಳನ್ನು ಅವರು ಪ್ರತಿ ಯುಗಾದಿಯ ನಾಟಕದಲ್ಲೂ ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಅವನು ಮುಂದಿನ ಸಾಲಿನಲ್ಲಿ ಕುಳಿತು ನಕ್ಕಂತೆ ಮಾಡುತ್ತಿದ್ದ. ಮನೆಗೆ ಬಂದು ಹೆಂಡತಿ ಸ್ಮಿತಾಳ ಮುಂದೆ ಹಲ್ಲು ಕಡಿಯುತ್ತಿದ್ದ.

ಈ ಸಲ ಮಾತ್ರ ಬಳಗದ ಅಧ್ಯಕ್ಷ ಸೂರ್ಯನಾರಾಯಣ ತಾನಾಗಿ ಫೋನ್ ಮಾಡಿದ್ದ. “ಅಣ್ಣಾಸಾಹೇಬ್ರೇ, ನಮ್ಮಲ್ಲಿ ಬೇಲಿ ಹಾಕಿ ಗೊತ್ತಿರೋರು ನೀವೊಬ್ಬರೇ. ಅಲ್ಲಿ ನೀವು ಹೇಳಿದ್ದೇ ಫೈನಲ್.” ಹದಿನಾರು ವರ್ಷದಲ್ಲಿ ಮೊದಲ ಸಲ ಈ ಜನಕ್ಕೆ ತನ್ನ ಹೊಲದ ಬುದ್ಧಿ ಬೇಕಾಯಿತಲ್ಲ ಎಂದು ಅಣ್ಣಾಸಾಹೇಬ ಒಳಗೊಳಗೇ ಉಬ್ಬಿದ್ದು ಸುಳ್ಳಲ್ಲ. ಊರಿನಿಂದ ತಂದಿದ್ದ ಅಪ್ಪನ ಕಾಲದ ದಪ್ಪ ಇಕ್ಕಳವನ್ನು ಗ್ಯಾರೇಜಿನಿಂದ ಹುಡುಕಿ ತೆಗೆದು ಎಣ್ಣೆ ಹಾಕಿದ್ದ.

ಫ್ಲಾಯ್ಡ್ ಚಂಡಮಾರುತ ಬಂದುಹೋಗಿ ಐದು ವಾರವಾಗಿತ್ತು. ಪೂರ್ವದ ಕಡೆ ಒಂದೂವರೆ ತಾಸು ಓಡಿದ ಮೇಲೆ ನೋಡಿದರೆ ಟಾರ್ ನದಿ ತನ್ನ ಪಾತ್ರಕ್ಕೆ ಮರಳಿತ್ತು. ಅದು ಬಿಟ್ಟುಹೋದ ನಾತ ಮಾತ್ರ ಮರಳಿರಲಿಲ್ಲ. ಮರಗಳ ಕೊಂಬೆಯಲ್ಲಿ ಹಾಸಿಗೆ, ಕುರ್ಚಿ, ಯಾರದೋ ಗ್ಯಾಸ್ ಸಿಲಿಂಡರು ಸಿಕ್ಕಿಕೊಂಡಿದ್ದವು. ವ್ಯಾನಿನಲ್ಲಿ ಅಂತ್ಯಾಕ್ಷರಿ ಹಾಡುತ್ತಿದ್ದವರು ಅಲ್ಲಿಗೆ ಬರುವಷ್ಟರಲ್ಲಿ ಬಾಯಿ ಮುಚ್ಚಿ ಮೂಗಿಗೆ ಕರ್ಚೀಫ್ ಹಿಡಿದರು.

ಹಾರ್ವೆ ಬ್ಯಾಟ್ಸ್ ಗೇಟಿನ ಬಳಿ ಕಾಯುತ್ತಿದ್ದ. ಎಪ್ಪತ್ತನಾಲ್ಕು ವರ್ಷದ ಕರಿಯ ಮುದುಕ. ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಹೇಳುವುದನ್ನು ನಾಲ್ಕೇ ಮಾತಿನಲ್ಲಿ ಹೇಳಿದ. ಹತ್ತೊಂಬತ್ತು ಹಸುಗಳಿದ್ದವು, ಎಂಟು ನೀರಿಗೆ ಹೋದವು. ಉಳಿದ ಹನ್ನೊಂದನ್ನು ಎತ್ತರದ ಜಾಗದಲ್ಲಿರುವ ನೆರೆಯವನೊಬ್ಬ ಇಟ್ಟುಕೊಂಡಿದ್ದಾನೆ. ಅವನ ಹುಲ್ಲೂ ಮುಗಿದಿದೆ. ಮುಂದಿನ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಅವನು ಹಸುಗಳನ್ನು ಲಾರಿಯಲ್ಲಿ ತರುತ್ತಾನೆ. ಬೇಲಿ ನಿಂತಿದ್ದರೆ ಇಲ್ಲಿ ಇಳಿಸುತ್ತಾನೆ, ಇಲ್ಲದಿದ್ದರೆ ಅದೇ ಲಾರಿ ಹರಾಜುಕಟ್ಟೆಗೆ ಹೋಗುತ್ತದೆ.

“ಅವೂ ಹೋದರೆ ಮತ್ತೆ ಶುರು ಮಾಡುವ ವಯಸ್ಸು ನನ್ನದಲ್ಲ” ಎಂದ ಬ್ಯಾಟ್ಸ್.

ಮನೆಯ ಗೋಡೆಯಲ್ಲಿ ಕಿಟಕಿಯ ಮೇಲಿನವರೆಗೂ ಕೆಸರಿನ ಗೆರೆ ಇತ್ತು. ತಾತ್ಕಾಲಿಕ ಮನೆಗಾಗಿ ಅವನು ಆ ದಿನ ಪಟ್ಟಣದ ಪರಿಹಾರ ಕಚೇರಿಯಲ್ಲಿ ಸಾಲು ನಿಲ್ಲಬೇಕಿತ್ತು. ರಸ್ತೆಯ ಪಕ್ಕದ ಎಂಬತ್ತು ಕಂಬಗಳನ್ನು, ತಂತಿಯ ಸುರುಳಿಗಳನ್ನು, ತಂತಿ ಹಿಡಿಸಲೆಂದೇ ಮಾಡಿದ ಬಾಗಿದ ಮೊಳೆಗಳ ಡಬ್ಬಗಳನ್ನು ತೋರಿಸಿ, “ನಾಲ್ಕು ಎಳೆ ಹಾಕಿ, ಸಾಕು” ಎಂದು ಹೊರಟುಹೋದ. ಇನ್ನೇನೂ ಹೇಳಲಿಲ್ಲ. ಬೇಲಿ ಕಟ್ಟಲು ಬಂದವರಿಗೆ ಇನ್ನೇನು ಹೇಳುವುದಿರುತ್ತದೆ?

ಅಣ್ಣಾಸಾಹೇಬ ಕೆಲಸ ಹಂಚಿದ. ಹಳೆಯ ತಂತಿಯೆಲ್ಲ ಕಸಕಡ್ಡಿ ಕಟ್ಟಿಕೊಂಡು ಕೆಸರಿನಲ್ಲಿ ಹೂತುಹೋಗಿತ್ತು. ಅದನ್ನು ಎಳೆದುಹಾಕಲು ಎಂಟು ಜನ, ಅಲುಗಾಡುವ ಕಂಬಗಳ ಬುಡಕ್ಕೆ ಮಣ್ಣು ಗುದ್ದಲು ಆರು ಜನ, ಹೊಸ ತಂತಿ ಹಿಡಿಯಲು ಉಳಿದವರು. ಸೂರ್ಯನಾರಾಯಣ ಹದಿನೈದು ನಿಮಿಷಕ್ಕೊಮ್ಮೆ ಬಳಗದ ಬ್ಯಾನರ್ ಬಿಚ್ಚಿ, “ಒಂದೇ ಒಂದ್ ಫೋಟೋ, ಎಲ್ಲಾ ಈ ಕಡೆ ನೋಡಿ” ಎನ್ನುತ್ತಿದ್ದ. ಒಬ್ಬ ಕೈಗವಸು ಹಾಕಿಕೊಂಡೇ ಚಿಪ್ಸ್ ತಿನ್ನುತ್ತಿದ್ದ. ಅಣ್ಣಾಸಾಹೇಬ ಒಬ್ಬೊಬ್ಬರನ್ನೂ ಗದರಿದ. ಗದರಿದಷ್ಟೂ ಅವನಿಗೆ ಹುರುಪು ಬಂತು.

ಮೊದಲ ತಂತಿಯನ್ನು ರಸ್ತೆಯ ಕಡೆಯಿಂದ ಕಂಬಕ್ಕೆ ಹಚ್ಚಿ ಮೊಳೆ ಹೊಡೆಯುವಾಗ ಪ್ರಶಾಂತ್ ಹತ್ತಿರ ಬಂದ. ಅಮೆರಿಕಕ್ಕೆ ಬಂದು ಎಂಟು ತಿಂಗಳಾಗಿದ್ದ, ಇಪ್ಪತ್ತಾರರ ತೆಳ್ಳನೆಯ ಹುಡುಗ. ಮಾತು ಕಡಿಮೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಂದಿದ್ದ ಮೂರು ಜನರಲ್ಲಿ ಅವನೊಬ್ಬ. ಅದನ್ನು ಅಣ್ಣಾಸಾಹೇಬ ಆಮೇಲೆ ನೆನಪು ಮಾಡಿಕೊಂಡ, ಆಗಲ್ಲ.

“ಸರ್, ಹಳೇ ಮೊಳೆ ತೂತುಗಳೆಲ್ಲ ಒಳಗಡೆ, ಹೊಲದ ಕಡೆ ಇವೆ. ಒಂದ್ ಹತ್ತು ಕಂಬ ಚೆಕ್ ಮಾಡ್ದೆ. ನಾವೂ ಆ ಕಡೆನೇ ಹಾಕ್ಬೇಕೇನೋ?”

ಹತ್ತು ಕಂಬ ಚೆಕ್ ಮಾಡಿದನಂತೆ! ಅಣ್ಣಾಸಾಹೇಬ ಸುತ್ತಿಗೆ ಕೆಳಗಿಟ್ಟ. ಹನ್ನೆರಡು ವರ್ಷದವನಿದ್ದಾಗ ಅವನು ಕಬ್ಬಿನ ಹೊಲಕ್ಕೆ ತಂತಿಯನ್ನು ಕಂಬದ ಒಳಮಗ್ಗುಲಿಗೆ ಹೊಡೆದಿದ್ದ. ಕರಬಸಪ್ಪನ ಎಮ್ಮೆ ರಸ್ತೆಯಿಂದ ಬಂದು ಒಂದು ಸಲ ಎದೆ ಕೊಟ್ಟಿದ್ದೇ ತಡ, ಮೊಳೆಗಳೆಲ್ಲ ಕಿತ್ತು ಹಾರಿದ್ದವು. ಅಪ್ಪ ಕಪಾಳಕ್ಕೆ ಬಾರಿಸಿ ಒಂದೇ ಮಾತು ಕೇಳಿದ್ದ. ಅದೇ ಮಾತನ್ನು ಅವನು ಈಗ ಕೇಳಿದ.

“ದನ ಯಾವ ಕಡಿಂದ ಬರ್ತಾವ?”

“ಸರ್?”

“ಕನ್ನಡದಾಗ ಕೇಳ್ಲಾಕತ್ತೀನಿ. ದನ ಯಾವ ಕಡಿಂದ ಬರ್ತಾವ? ರಸ್ತಾ ಕಡಿಂದ. ಬಂದು ದಬ್ಬಿದ್ರ ತಂತಿ ಕಂಬಕ್ಕ ಒತ್ತಬೇಕು, ಹೊರಗ ಕೀಳಬಾರದು. ಈ ಅಮೆರಿಕದ ಮಂದಿ ತಮ್ಮ ಹೊಲದಾಗ ನಿಂತು ಕೈಗೆ ಸಿಕ್ಕ ಕಡೆ ಮೊಳಿ ಬಡದಾರ, ಅದಕ್ಕ ಹೊಳ್ಯಾಗ ಹೋತು ಬೇಲಿ.”

“ಇಲ್ಲ ಸರ್, ಆದ್ರೆ ಇಲ್ಲಿ ರಸ್ತೇಲಿ ದನ...”

“ನಿಮ್ಮಪ್ಪಗ ಹೊಲ ಐತೇನೋ?” ಅಣ್ಣಾಸಾಹೇಬನ ದನಿ ಏರಿತು. ಇಪ್ಪತ್ತು ಜನರೂ ತಿರುಗಿ ನೋಡಿದರು. “ಏನ್ ಮಾಡ್ತಾನ ನಿಮ್ಮಪ್ಪ? ಎಂದಾರ ಒಂದ್ ದನ ಕಟ್ಟ್ಯಾನೇನು? ಹಾಲು ಅಂದ್ರ ಪ್ಯಾಕೆಟ್ಟಿನ್ಯಾಗ ಹುಟ್ಟತೈತಿ ಅನ್ನೋ ಮಂದಿ ನನಗ ಬೇಲಿ ಕಲಸ್ತೀರಿ?”

ಎಲ್ಲರೂ ಗೊಳ್ಳೆಂದು ನಕ್ಕರು. ಸೂರ್ಯನಾರಾಯಣ ಎಲ್ಲರಿಗಿಂತ ಜೋರಾಗಿ ನಕ್ಕ. ಪ್ರಶಾಂತನ ಮುಖ ಕೆಂಪಾಯಿತು. ಅಪ್ಪ ಏನು ಮಾಡುತ್ತಾನೆಂದು ಅವನು ಹೇಳಲಿಲ್ಲ. ಮೊಳೆಯ ಡಬ್ಬ ಎತ್ತಿಕೊಂಡು ಹೋಗಿ, ಸಂಜೆಯವರೆಗೂ ಹೇಳಿದ ಕಡೆಗೇ ಮೊಳೆ ಹೊಡೆದ. ಹದಿನಾರು ವರ್ಷದ ಅಣಕಕ್ಕೆ ಒಂದು ದಿನ ಲೆಕ್ಕ ಚುಕ್ತಾ ಮಾಡಿದಂತೆ ಅಣ್ಣಾಸಾಹೇಬನಿಗೆ ಎದೆ ಹಗುರವಾಯಿತು. ಅಣಕಿಸಿದವರಲ್ಲಿ ಈ ಹುಡುಗ ಇರಲೇ ಇಲ್ಲ ಎಂಬುದು ಅವನ ತಲೆಗೆ ಹೋಗಲಿಲ್ಲ.

ಬ್ಯಾಟ್ಸ್ ಬಂದಾಗ ಸೂರ್ಯ ಇಳಿದಿದ್ದ. ನಾಲ್ಕು ಎಳೆಯೂ ವೀಣೆಯ ತಂತಿಯಂತೆ ಬಿಗಿದು ನಿಂತಿದ್ದವು. ಮುದುಕ ಬೇಲಿಯ ಉದ್ದಕ್ಕೂ ನಿಧಾನವಾಗಿ ನಡೆದ. ಒಂದು ಕಂಬದ ಬಳಿ ನಿಂತು ತಂತಿಯ ಮೇಲೆ ಬೆರಳಾಡಿಸಿದ, ಇನ್ನೊಂದರ ಬಳಿ ನಿಂತ. ಬ್ಯಾನರ್ ಹಿಡಿದು ಕೆಸರಿನಲ್ಲಿ ಸಾಲಾಗಿ ನಿಂತವರನ್ನು ನೋಡಿದ. “ತುಂಬ ಬಿಗಿಯಾಗಿದೆ” ಎಂದ. ಒಬ್ಬೊಬ್ಬರ ಕೈಯನ್ನೂ ಕುಲುಕಿ, ಪುಳಿಯೋಗರೆಯ ಟ್ರೇ ಇಸಿದುಕೊಂಡ. ಅಣ್ಣಾಸಾಹೇಬ ತನ್ನ ಫೋನ್ ನಂಬರ್ ಬರೆದು ಅವನ ಜೇಬಿಗೆ ಹಾಕಿ, “ಏನು ಬೇಕಾದರೂ ಕರೆಯಿರಿ” ಎಂದ.

ವಾರದ ನಡುವೆ ಸೂರ್ಯನಾರಾಯಣನ ಫೋನ್ ಬಂತು. ಶನಿವಾರ ಸಂಜೆ ರಾಜ್ಯೋತ್ಸವ. ಬೇಲಿಯ ಫೋಟೋ ಆಳೆತ್ತರಕ್ಕೆ ದೊಡ್ಡದು ಮಾಡಿಸಿದ್ದಾಗಿದೆ. ಅಣ್ಣಾಸಾಹೇಬನಿಗೆ ಶಾಲು ಹೊದಿಸುವುದೆಂದು ಕಮಿಟಿ ತೀರ್ಮಾನಿಸಿದೆ. ಸ್ಮಿತಾ ಅದನ್ನು ಕೇಳಿ ಸಂತೋಷಪಡಲಿಲ್ಲ. “ಶಾಲು ಇರ್ಲಿ, ಆ ಹುಡುಗ್ಗ ಅವರಪ್ಪನ ಎತ್ತಿ ಅಂದ್ರಂತಲ್ಲ, ಯಾಕ? ಅವತ್ತ ಹೊಲಕ್ಕ ಬಂದಿದ್ದ ಉಷಾ ಹೇಳಿದ್ಲು. ಛಲೋ ಮಾಡ್ಲಿಲ್ಲ ನೀವು” ಎಂದಳು. ಅವನು ಅವಳ ಮೇಲೂ ಹರಿಹಾಯ್ದ. ಕೆಲಸ ಕಲಿಸುವಾಗ ಎರಡು ಮಾತು ಬರುತ್ತದೆ; ತನ್ನಪ್ಪ ಕಪಾಳಕ್ಕೇ ಹೊಡೆದಿದ್ದನಲ್ಲ?

ಇಕ್ಕಳವನ್ನು ಹೊಲದಲ್ಲೇ ಮರೆತುಬಂದದ್ದು ಶುಕ್ರವಾರ ನೆನಪಾಯಿತು. ಶನಿವಾರ ಬೆಳಿಗ್ಗೆ ಹೋಗಿ ಅದನ್ನು ತಂದಂತೆಯೂ ಆಯಿತು, ತಾನು ಕಟ್ಟಿದ ಬೇಲಿಯೊಳಗೆ ಹನ್ನೊಂದು ಹಸು ಇಳಿಯುವುದನ್ನು ಕಣ್ಣಾರೆ ಕಂಡಂತೆಯೂ ಆಯಿತು ಎಂದುಕೊಂಡು ಒಬ್ಬನೇ ಹೊರಟ.

ಒಂಬತ್ತಕ್ಕೆ ಗೇಟಿನ ಬಳಿ ಕಾರು ನಿಲ್ಲಿಸಿದಾಗ ಬ್ಯಾಟ್ಸ್ ಒಂದು ಕಂಬದ ಬುಡದಲ್ಲಿ ಮೊಣಕಾಲೂರಿ ಕುಳಿತಿದ್ದ. ಕೈಯಲ್ಲಿ ಅಣ್ಣಾಸಾಹೇಬನ ಇಕ್ಕಳವೇ ಇತ್ತು. ಬಾಗಿದ ಮೊಳೆಯೊಂದನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುತ್ತಿದ್ದ. ಅವನ ಹಿಂದೆ ಮೂವತ್ತು ಕಂಬಗಳ ತಂತಿ ಬಿಚ್ಚಿ, ಕಂಬದ ತಲೆಯ ಮೇಲಿಂದ ದಾಟಿಸಿ, ಹೊಲದ ಕಡೆಗೆ ಹೊಡೆದಾಗಿತ್ತು. ಮುಂದೆ ಐವತ್ತು ಕಂಬಗಳು ಇನ್ನೂ ಬಾಕಿ ಇದ್ದವು.

“ಏನು ಮಾಡುತ್ತಿದ್ದೀರಿ?” ಅಣ್ಣಾಸಾಹೇಬ ಕೂಗಿಯೇಬಿಟ್ಟ. “ಯಾಕೆ ಬಿಚ್ಚುತ್ತಿದ್ದೀರಿ ಅದನ್ನು?”

ಮುದುಕ ಕಂಬ ಹಿಡಿದು ಎದ್ದ. ಹೊಲದ ಒಳಕ್ಕೆ ಹೋಗಿ, ಅಲ್ಲಿಂದ ಇನ್ನೂ ಬಿಚ್ಚಿರದ ತಂತಿಗೆ ಭುಜ ಕೊಟ್ಟು ಒಂದು ಸಲ ದಬ್ಬಿದ. ಒದ್ದೆ ಕಂಬದಿಂದ ಎರಡು ಮೊಳೆಗಳು ಪಟ್ಟನೆ ಕಿತ್ತು ರಸ್ತೆಗೆ ಬಿದ್ದವು. ಎಪ್ಪತ್ತನಾಲ್ಕರ ಮುದುಕನ ಭುಜಕ್ಕೇ ಕಿತ್ತುಬಂದವು.

“ಹಸಿದ ಹಸು ಇದಕ್ಕಿಂತ ಜೋರಾಗಿ ದಬ್ಬುತ್ತದೆ” ಎಂದ ಬ್ಯಾಟ್ಸ್.

ಅಣ್ಣಾಸಾಹೇಬ ರಸ್ತೆಯಲ್ಲಿ ಬಿದ್ದ ಮೊಳೆಗಳನ್ನು ನೋಡಿದ. ರಸ್ತೆಯನ್ನು ನೋಡಿದ. ಆ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹದಿನಾರು ವರ್ಷ ಈ ರಾಜ್ಯದ ರಸ್ತೆಗಳಲ್ಲಿ ಓಡಾಡಿದ್ದ. ಒಮ್ಮೆಯಾದರೂ ಬೀಡಾಡಿ ಎಮ್ಮೆ ಕಂಡಿದ್ದನೇ? ಇಲ್ಲಿ ದನ ಬೇಲಿಯ ಒಳಗೇ ಇರುತ್ತವೆ, ದಬ್ಬಿದರೆ ಒಳಗಿನಿಂದಲೇ ದಬ್ಬುತ್ತವೆ. ಸೇತುವೆಯ ಮೇಲೆ ಭಾರ ಯಾವ ಕಡೆಯಿಂದ ಬೀಳುತ್ತದೆಂದು ಲೆಕ್ಕ ಹಾಕಿ ಅನ್ನ ತಿನ್ನುವವನಿಗೆ ಅಷ್ಟು ಹೊಳೆಯಲಿಲ್ಲ. ಎಂಟು ತಿಂಗಳ ಹಿಂದೆ ಬಂದ ಹುಡುಗ ಕಂಬದ ತೂತು ನೋಡಿ ಹೇಳಿದ್ದ.

ನಾಚಿಕೆ ಬರಬೇಕಾದಲ್ಲಿ ಅವನಿಗೆ ಮತ್ತೆ ಸಿಟ್ಟೇ ಬಂತು. “ಅವತ್ತೇ ಯಾಕೆ ಹೇಳಲಿಲ್ಲ? ನೀವು ನೋಡಿದಿರಿ, ನಿಮಗೆ ಗೊತ್ತಾಯಿತು! ನಂಬರ್ ಕೊಟ್ಟಿದ್ದೆ, ಒಂದು ಫೋನ್ ಮಾಡಬಾರದಿತ್ತೇ? ಇಡೀ ವಾರ ಈ ಕೈಯಲ್ಲಿ...”

“ಅಷ್ಟು ದೂರದಿಂದ ಬಂದಿದ್ದಿರಿ” ಎಂದ ಬ್ಯಾಟ್ಸ್. “ಊಟವನ್ನೂ ತಂದಿದ್ದಿರಿ. ಸಂತೋಷವಾಗಿದ್ದಿರಿ. ಆ ಅನ್ನವನ್ನು ಎರಡು ದಿನ ತಿಂದೆ. ತಿಂದು, ಫೋನ್ ಮಾಡಿ ಬೈಯುವುದೇ?” ಆಮೇಲೆ ಕೇಳಿದ, “ನಿಮ್ಮ ಊರಲ್ಲಿ ತಂತಿ ಈ ಕಡೆಗೇ ಹಾಕುತ್ತಾರೆಯೇ?”

“ಹೌದು. ನಮ್ಮಲ್ಲಿ ಬೇಲಿಯ ಒಳಗೆ ಬೆಳೆ ಇರುತ್ತದೆ. ದನ ರಸ್ತೆಯಲ್ಲಿರುತ್ತವೆ.”

ಬ್ಯಾಟ್ಸ್ ತಲೆಯಾಡಿಸಿದ. ಅದರಲ್ಲಿ ಗೇಲಿ ಇರಲಿಲ್ಲ. ಗೇಲಿ ಇದ್ದಿದ್ದರೆ ಅಣ್ಣಾಸಾಹೇಬನಿಗೆ ಎಷ್ಟೋ ಸಲೀಸಾಗುತ್ತಿತ್ತು, ತಿರುಗಿ ಒಂದು ಮಾತು ಅನ್ನಬಹುದಿತ್ತು.

ಐವತ್ತು ಕಂಬ, ಇನ್ನೂರು ಮೊಳೆ. ಕೀಳಬೇಕು, ತಂತಿ ದಾಟಿಸಬೇಕು, ಮತ್ತೆ ಎಳೆದು ಬಿಗಿಯಬೇಕು, ಹೊಡೆಯಬೇಕು. ಮಧ್ಯಾಹ್ನ ನಾಲ್ಕರೊಳಗೆ ಇಬ್ಬರಿಂದ ಆಗುವ ಕೆಲಸವಲ್ಲ. ಅರ್ಧ ತಾಸು ಮೊಳೆ ಕಿತ್ತ ಮೇಲೆ ಅಣ್ಣಾಸಾಹೇಬ ಕಾರು ತೆಗೆದ. ಹೆದ್ದಾರಿಯ ಗ್ಯಾಸ್ ಸ್ಟೇಷನ್ನಿನ ಪೇಫೋನಿನ ಮುಂದೆ ನಿಂತು ಬಳಗದ ಡೈರೆಕ್ಟರಿ ತೆರೆದ. ಸೂರ್ಯನಾರಾಯಣನಿಗೆ ಮಾಡಬಹುದಿತ್ತು. ಅವನು ಹಾಲ್ ಸಿಂಗರಿಸುತ್ತಿರುತ್ತಾನೆ, ‘ಅಯ್ಯೋ ಇವತ್ತಾ?’ ಎನ್ನುತ್ತಾನೆ. ಕೆಲಸ ಬಿಟ್ಟು ಓಡಿಬರುವವನು ಒಬ್ಬನೇ, ಅವನಿಗೆ ಯಾವ ಬಾಯಲ್ಲಿ ಹೇಳುವುದು? ರಿಸೀವರ್ ಎರಡು ಸಲ ಎತ್ತಿ ಇಟ್ಟ. ಮೂರನೆಯ ಸಲ ನಂಬರ್ ಒತ್ತಿದ.

“ಪ್ರಶಾಂತ್, ನಾ ಅಣ್ಣಾಸಾಹೇಬ. ಬೇಲಿ ತಪ್ಪ ಕಡಿ ಆಗೈತಿ. ನೀ ಹೇಳಿದ್ದ ಖರೆ ಇತ್ತು.”

ಅಣ್ಣಾಸಾಹೇಬ ಪೇಫೋನಿಗೆ ಇನ್ನೊಂದು ನಾಣ್ಯ ಹಾಕಿದ.

“ಮುದುಕ ಒಬ್ಬನ ಕೀಳಾಕತ್ತಾನ. ನಾಲ್ಕಕ್ಕ ದನ ಬರ್ತಾವ. ಮೂರ್ನಾಲ್ಕು ಮಂದಿ ಬಂದ್ರ ಆಗತೈತಿ.”

“ನಿಮಗೋಸ್ಕರ ಬರಲ್ಲ ಸರ್” ಎಂದ ಪ್ರಶಾಂತ್. ಮೆತ್ತಗಿನ ಹುಡುಗನ ದನಿಯಲ್ಲಿ ಸಿಟ್ಟಿತ್ತು. “ಆ ತಾತನಿಗೋಸ್ಕರ ಬರ್ತೀನಿ. ರೂಮ್‌ಮೇಟ್ಸ್‌ನೂ ಕರ್ಕೊಂಡ್ ಬರ್ತೀನಿ.” ಫೋನ್ ಇಟ್ಟುಬಿಟ್ಟ.

ಹನ್ನೆರಡಕ್ಕೆ ಹಳೆಯ ಕರೋಲಾ ಕಾರಿನಲ್ಲಿ ನಾಲ್ವರು ಬಂದಿಳಿದರು. ಪ್ರಶಾಂತ್ ಬ್ಯಾಟ್ಸ್‌ನ ಕೈ ಹಿಡಿದು ಮಾತಾಡಿಸಿದ. ಅಣ್ಣಾಸಾಹೇಬನ ಮುಖ ನೋಡದೆ, ಸುತ್ತಿಗೆ ಕೈಗೆತ್ತಿಕೊಂಡು, ತನ್ನ ಗೆಳೆಯರಿಗೆ ಕೇಳುವಂತೆ ಕೇಳಿದ, “ಯಾವ ಕಡೆ ಹೊಡೀಲಿ ಸರ್?”

ಬೇಕೆಂದೇ ಕೇಳಿದ್ದು. ಅಣ್ಣಾಸಾಹೇಬನಿಗೆ ಕಿವಿ ಬಿಸಿಯಾಯಿತು. ಆದರೂ ಹೇಳಿದ, “ಒಳಗ. ದನ ಒಳಗಿಂದ ಬರ್ತಾವ.”

ಇಬ್ಬರು ಮೊಳೆ ಕಿತ್ತರು, ಇಬ್ಬರು ತಂತಿ ದಾಟಿಸಿ ಬಿಗಿದರು, ಇಬ್ಬರು ಹೊಡೆದರು. ಸುತ್ತಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬ್ಯಾನರ್ ಇಲ್ಲ, ಊಟವಿಲ್ಲ. ಸ್ಮಿತಾ ಕಟ್ಟಿಕೊಟ್ಟಿದ್ದ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಆರು ಜನ ನಿಂತಲ್ಲೇ ಹರಿದುಕೊಂಡು ತಿಂದರು. ಕೊನೆಯ ಕಂಬಕ್ಕೆ ಮೊಳೆ ಹೊಡೆಯುವಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಲಾರಿ ಆಗಲೇ ತಿರುವಿನಲ್ಲಿ ಕಾಣುತ್ತಿತ್ತು.

ಹನ್ನೊಂದು ಹಸುಗಳು ಇಳಿದವು. ಪಕ್ಕೆಲುಬು ಎಣಿಸುವಂತಿದ್ದವು. ಒಂದು ಕೆಂಪು ಹಸು ಹೊಲದ ಹುಲ್ಲನ್ನು ಮೂಸಿಯೂ ನೋಡದೆ ನೇರ ಬೇಲಿಗೆ ಬಂದು, ರಸ್ತೆ ಬದಿಯ ಹುಲ್ಲಿಗಾಗಿ ಎದೆ ಕೊಟ್ಟು ಒತ್ತಿತು. ತಂತಿ ಕಂಬಕ್ಕೆ ಆತುಕೊಂಡಿತು. ಕಂಬ ಕಿರುಗುಟ್ಟಿತು. ಹಸು ಇನ್ನೊಮ್ಮೆ ಒತ್ತಿ, ಬೇಸತ್ತು, ತಿರುಗಿ ಹೋಯಿತು. ಬ್ಯಾಟ್ಸ್ ಟೋಪಿ ತೆಗೆದು ಮುಖ ಒರೆಸಿಕೊಂಡ. ಸೊಟ್ಟ ಬೆರಳುಗಳಿಂದ ಎಷ್ಟೋ ಹೊತ್ತು ಒರೆಸಿಕೊಂಡ.

ಕೈ ತೊಳೆಯುವಾಗ ಅಣ್ಣಾಸಾಹೇಬ ಪ್ರಶಾಂತನ ಪಕ್ಕಕ್ಕೆ ಬಂದ. “ತಪ್ಪಾತು” ಎಂದ.

ಪ್ರಶಾಂತ್ ನಲ್ಲಿಯ ನೀರು ನಿಲ್ಲಿಸಿದ. “ನಮ್ಮಪ್ಪ ಬಸ್ ಕಂಡಕ್ಟರ್ ಸರ್. ಅವತ್ತು ಕೇಳಿದ್ರಲ್ಲ, ಏನ್ ಮಾಡ್ತಾರೆ ಅಂತ. ಹೊಲ ಇಲ್ಲ. ಇದ್ದಿದ್ರೂ ನಾನು ಹೇಳಿದ್ದು ಸರಿನೇ ಇರ್ತಿತ್ತು, ಇಲ್ದಿದ್ರೂ ಸರಿನೇ.”

“ಹೌದಪಾ. ತಪ್ಪಾತು ಅಂದೆನಲ್ಲ.”

“ಈಗ ಇಲ್ಲಿ ನಾವಿಬ್ರೇ ಇದೀವಿ. ಅವತ್ತು ಇಪ್ಪತ್ತು ಜನ ಇದ್ರು.”

ಅಷ್ಟು ಹೇಳಿ ಅವನು ಕರೋಲಾ ಹತ್ತಿದ. ಅಣ್ಣಾಸಾಹೇಬ ಇಕ್ಕಳವನ್ನು ಬ್ಯಾಟ್ಸ್‌ನ ಗೇಟಿಗೇ ನೇತುಹಾಕಿ ಅದರ ಹಿಂದೆಯೇ ಹೊರಟ.

ಕ್ಯಾರಿಯ ಶಾಲೆಯೊಂದರ ಸಭಾಂಗಣ ತುಂಬಿಹೋಗಿತ್ತು. ರೇಷ್ಮೆ ಸೀರೆ, ಜರತಾರಿ ಪಂಚೆಗಳ ನಡುವೆ ಕೆಸರು ಬೂಟಿನಲ್ಲಿ ಬಂದವನನ್ನು ಕಂಡು ಸ್ಮಿತಾ ಅರ್ಧ ಎದ್ದು ನಿಂತಳು. ವೇದಿಕೆಯಲ್ಲಿ ಸೂರ್ಯನಾರಾಯಣ ಅವನ ಹೆಸರು ಕರೆದಾಗಿತ್ತು. “ನೋಡಿ, ನಮ್ಮ ಮೇಸ್ತ್ರಿಗಳು ಗೆಟಪ್ಪಲ್ಲೇ ಬಂದ್ಬಿಟ್ರು!” ಎಂದ. ಪಕ್ಕದಲ್ಲಿ ಆಳೆತ್ತರದ ಫೋಟೋ: ಬ್ಯಾನರ್, ಇಪ್ಪತ್ತು ಹಲ್ಲುಕಿಸಿದ ಮುಖಗಳು, ಹಿಂದೆ ನಾಲ್ಕು ಎಳೆಯ ಬೇಲಿ. ಒಂದು ತುದಿಯಲ್ಲಿ ಪ್ರಶಾಂತ್, ಕ್ಯಾಮೆರಾ ಬಿಟ್ಟು ಕಂಬದ ಕಡೆ ನೋಡುತ್ತ ನಿಂತಿದ್ದ.

ಅಣ್ಣಾಸಾಹೇಬ ಹೊದಿಸಲು ಬಂದ ಶಾಲನ್ನು ಕೈಯಿಂದ ಸರಿಸಿ ಮೈಕ್ ಹಿಡಿದ.

“ಈ ಫೋಟೋದಾಗ ತಂತಿ ತಪ್ಪ ಕಡಿ ಐತ್ರಿ.”

ಮತ್ತೆ ‘ಐತ್ರಿ’. ಹಾಲಿನಲ್ಲಿ ನಗು ಹರಡಿತು.

“ನಗಬ್ಯಾಡ್ರಿ!” ಮೈಕ್ ಕೀರಿತು. “ಹಾಕಿಸಿದಾಂವ ನಾನು. ತಪ್ಪೈತಿ ಅಂತ ಅವತ್ತ ಒಬ್ಬಾಂವ ಹೇಳಿದ. ಈ ತುದ್ಯಾಗ ನಿಂತಾನಲ್ಲ, ಪ್ರಶಾಂತ್. ನಾ ಅವರಪ್ಪನ ಎತ್ತಿ ಆಡಿ ಅವನ ಬಾಯಿ ಮುಚ್ಚಿಸಿದೆ. ಅವರಪ್ಪಗ ಹೊಲ ಐತೋ ಇಲ್ಲೋ, ಅದು ಕೇಳೋ ಮಾತಲ್ಲ. ನಾ ಕೇಳಿದೆ. ನೀವು ನಕ್ರಿ. ಅಧ್ಯಕ್ಷರ, ನೀವು ಎಲ್ಲಾರಕಿಂತ ಜೋರ್ ನಕ್ರಿ. ನಮ್ಮ ಬೇಲಿ ಕೀಳಾಕ ಎಪ್ಪತ್ತನಾಲ್ಕು ವರ್ಷದ ಮುದುಕ ಒಂದ್ ವಾರ ಮೊಣಕಾಲ ಮ್ಯಾಲ ಕುಂತಿದ್ದ. ಇವತ್ತ ಅದನ್ನ ಸರಿ ಮಾಡಿದಾಂವ ಈ ಹುಡುಗ. ಪ್ರಶಾಂತ್, ನಂದು ತಪ್ಪಾತು. ಇಲ್ಲಿ ಇಪ್ಪತ್ತಕ್ಕಿಂತ ಹೆಚ್ಚ ಮಂದಿ ಅದಾರ.”

ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಹಿಂದಿನ ಬಾಗಿಲ ಬಳಿ ನಿಂತು ಬೂಟಿನ ಕೆಸರು ಕೆರೆಯುತ್ತಿದ್ದ ಪ್ರಶಾಂತ್ ತಲೆ ಎತ್ತಿದ. ಶಾಲು ಸೂರ್ಯನಾರಾಯಣನ ಕೈಯಲ್ಲೇ ಉಳಿಯಿತು.